ಎಂಟು ಸುತ್ತಿನ ಸ್ಕ್ರೂ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಬಾಸಿಲ್ ಮಲಗಿದ್ದ ಕೋಣೆಯ ಹೊರಗೆ ನಿಂತು, ಸುಕೇಶ ಹೇಳಬೇಕಾದ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡ. ‘ನಿನ್ನ ಗಾಡಿ ದಿಬ್ಬ ಏರದೆ ಹೋದದ್ದು ನನ್ನಿಂದ ಬಾಸಿಲ್. ಎಕ್ಸಲೇಟರಿನ ಸ್ಕ್ರೂ ಬಿಗಿ ಮಾಡಿಟ್ಟವನು ನಾನು.’ ಇಷ್ಟೇ. ಮಸ್ಕತ್ತಿನ ಅಲ್ ಹೈಲ್‌ನಿಂದ ಬರುವಾಗ ಕಾರಿನಲ್ಲಿ ಇಪ್ಪತ್ತು ಸಲ ಹೇಳಿ ನೋಡಿದ್ದ. ಕಾರಿನೊಳಗೆ ಒಬ್ಬನೇ ಕೂತಾಗ ಇಂಥ ಮಾತು ಬಹಳ ಸಲೀಸಾಗಿ ಬರುತ್ತದೆ.

ಮೂರು ವಾರದ ಹಿಂದೆ ಬಾಸಿಲ್ ತನ್ನ ಕ್ವಾಡ್ ಬೈಕನ್ನು, ಅಂದರೆ ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿಯನ್ನು, ಸುಕೇಶನ ಗ್ಯಾರೇಜಿಗೆ ತಂದಿದ್ದ. ಹುಡುಗ ಮಂಗಳೂರು ಕಡೆಯವರ ಮಗ, ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವನು, ಅಲ್ ಖುವೈರ್‌ನ ಕಂಪನಿಯೊಂದರಲ್ಲಿ ಕೆಲಸ. ಜೊತೆಯವರೆಲ್ಲ ಮರಳುದಿಬ್ಬದ ತುದಿ ಮುಟ್ಟಿ ಕೈ ಬೀಸುವಾಗ ತಾನು ಮಾತ್ರ ಕೆಳಗೆ ಮರಳು ಅಗೆಯುತ್ತಿರುತ್ತೇನೆ, ಇನ್ನಷ್ಟು ಪವರ್ ಬೇಕು ಅಂದ. ಸುಕೇಶನಿಗೆ ಅದೇ ಬೇಕಿತ್ತು. ಇಂಥ ಕೆಲಸಕ್ಕೆ ದೂರದ ಬುರೈಮಿಯಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಸಿಲಿಂಡರ್ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸಿದ, ಕ್ಯಾಮ್ ಬದಲಿಸಿದ, ಹೊಸ ಸೈಲೆನ್ಸರ್ ಹಾಕಿದ. ಎಂಜಿನ್ ಸ್ಟಾರ್ಟ್ ಆದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರು.

ಆದರೆ ಹೊಸ ಪಿಸ್ಟನ್ನಿಗೆ ಮೊದಲ ಹತ್ತು ಗಂಟೆ ಬಾಣಂತಿಯ ಆರೈಕೆ ಬೇಕು. ಜೋರು ಮಾಡಿದರೆ ಬಿಸಿಯೇರಿ ಸಿಲಿಂಡರಿನೊಳಗೇ ಹಿಡಿದುಕೊಳ್ಳುತ್ತದೆ. ಮಂಗಳೂರಿನಲ್ಲಿ ಸುಕೇಶನಿಗೆ ಕೆಲಸ ಕಲಿಸಿದ ಕೊಗ್ಗ ಮೇಸ್ತ್ರಿ, ಎಂಜಿನ್ ಬಿಚ್ಚಿ ಕಟ್ಟಿದ ಪ್ರತಿ ಲಾರಿಯ ಎಕ್ಸಲೇಟರ್ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುತ್ತಿದ್ದ. ಡ್ರೈವರನಿಗೆ ಹೇಳಬೇಡ, ಹೇಳಿದರೆ ಗೇಟು ದಾಟುವ ಮೊದಲೇ ಕಿತ್ತು ಬಿಸಾಡ್ತಾನೆ ಅನ್ನುವುದು ಅವನ ಕಟ್ಟಪ್ಪಣೆ. ಕ್ವಾಡಿನ ಎಕ್ಸಲೇಟರ್ ಹೆಬ್ಬೆರಳಲ್ಲಿ ಒತ್ತುವಂಥದ್ದು. ಅದರ ಹಿಂದೊಂದು ಸಣ್ಣ ಸ್ಕ್ರೂ. ಸುಕೇಶ ಅದನ್ನು ಎಂಟು ಸುತ್ತು ಒಳಗೆ ತಿರುಗಿಸಿದ. ಎಷ್ಟೇ ಒತ್ತಿದರೂ ಅರ್ಧಕ್ಕಿಂತ ಹೆಚ್ಚು ತೆರೆಯದು. ಬಾಯಲ್ಲಿ ಮಾತ್ರ ನಿಧಾನ ಹೋಗು, ಪವರ್ ತನ್ನಷ್ಟಕ್ಕೆ ಬರ್ತದೆ ಅಂದ. ಲಾರಿಗೆ ಒಪ್ಪುವ ಬುದ್ಧಿ ಮರಳಿಗೆ ಒಪ್ಪೀತೇ ಎಂದು ಯೋಚಿಸಲಿಲ್ಲ, ಪುಣ್ಯಾತ್ಮ.

ಗಾಡಿ ಕೈಗೆ ಬಂದ ವಾರವೇ, ಶುಕ್ರವಾರ, ಬಾಸಿಲ್ ದಿಬ್ಬ ಹತ್ತಿದ. ಮುಕ್ಕಾಲು ಏರಿದ ಮೇಲೆ ಚಕ್ರ ಹೂಳತೊಡಗಿತು. ಉಳಿದ ಪವರ್ ಇದ್ದೇ ಇದೆಯಲ್ಲ ಎಂದು ನಂಬಿ ಹೆಬ್ಬೆರಳು ಪೂರ್ತಿ ಒತ್ತಿದ. ಏನೂ ಬರಲಿಲ್ಲ. ಗಾಡಿ ನಿಂತಿತು, ಹಿಂದಕ್ಕೆ ಮಗುಚಿತು, ಅವನ ಬೆನ್ನ ಮೇಲೆ ಬಿತ್ತು. ಇನ್ನು ಕಾಲು ಬರುವುದಿಲ್ಲ ಎಂದು ಡಾಕ್ಟರು ನಾಲ್ಕನೇ ದಿನವೇ ಹೇಳಿಬಿಟ್ಟರು. ಪಿಕಪ್‌ನಲ್ಲಿ ಗಾಡಿ ಗ್ಯಾರೇಜಿಗೆ ವಾಪಸಾದಾಗ ಸುಕೇಶ ಮಾಡಿದ ಮೊದಲ ಕೆಲಸ, ಆ ಸ್ಕ್ರೂವನ್ನು ಎಂಟು ಸುತ್ತು ಹೊರಗೆ ತಿರುಗಿಸಿದ್ದು. ಯಾರೂ ನೋಡಲಿಲ್ಲ.

ಈಗ ಅವನು ಕೋಣೆಯೊಳಗೆ ಕಾಲಿಟ್ಟದ್ದೇ ಬಾಸಿಲ್‌ನ ತಾಯಿ ಕ್ಯಾರೋಲಿನ್ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಪೊಲೀಸರು ಬಂದು ಕೇಳಿ ಹೋದರಂತೆ. ಮೆಕ್ಯಾನಿಕ್ ನೂರು ಸಲ ನಿಧಾನ ಹೋಗು ಅಂದಿದ್ದರು, ಇವನೇ ಕೇಳಲಿಲ್ಲ ಎಂದು ಅವಳು ಹೇಳಿ ಕಳಿಸಿದಳಂತೆ. ಕಾರಿನಿಂದ ಜೋಪಾನವಾಗಿ ತಂದ ಮಾತು ಸುಕೇಶನ ನಾಲಿಗೆಯ ಮೇಲೇ ನಿಂತಿತು. ಪೊಲೀಸ್ ಅಂದಕೂಡಲೇ ಕಣ್ಣ ಮುಂದೆ ಬಂದದ್ದು ಹೆಂಡತಿ ವಾರಿಜಾಕ್ಷಿ, ಹತ್ತನೇ ಕ್ಲಾಸಿನ ಮಗಳು ತೃಷಾ, ಇವನ ವೀಸಾಕ್ಕೆ ಸಹಿ ಹಾಕುವ ಕಫೀಲ್. ಹೆದರಿದ. ಬಾಸಿಲ್‌ನ ಮುಖ ನೋಡುವುದಕ್ಕೂ ಹೆದರಿದ.

“ಸುಕೇಶಣ್ಣ, ಒಂದು ಕೇಳ್ತೇನೆ, ನಿಜ ಹೇಳಿ,” ಅಂದ ಬಾಸಿಲ್. ಅವನ ಸ್ವರ ಸಣ್ಣಗಾಗಿತ್ತು. “ನಾನು ಫುಲ್ ಒತ್ತಿದ್ದೆ. ಐ ಆಮ್ ಶೂರ್. ಎಂಜಿನ್ ಯಾಕೆ ಎಳೀಲಿಲ್ಲ?”

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಸುಕೇಶ ಬಾಯಿ ತೆರೆದ.

“ಬಿಚ್ಚಿ ನೋಡಿದೆ ಮಾರಾಯ. ಎಂಜಿನ್ ಸರಿ ಉಂಟು, ಎಕ್ಸಲೇಟರೂ ಪೂರ್ತಿ ತೆರೀತದೆ. ಹೆದರಿಕೆಯಲ್ಲಿ ನಿನ್ನ ಬೆರಳು ಸಡಿಲ ಆಗಿರಬೇಕು.”

ಬಾಸಿಲ್‌ನ ಹೆಬ್ಬೆರಳು ಹೊದಿಕೆಯ ಮೇಲೆ ಒಮ್ಮೆ ಒತ್ತಿತು, ಸಡಿಲವಾಯಿತು, ಮತ್ತೆ ಒತ್ತಿತು. ಆ ದಿಬ್ಬವನ್ನು ಅವನು ಮನಸ್ಸಿನಲ್ಲೇ ಮತ್ತೆ ಹತ್ತುತ್ತಿದ್ದಾನೆ ಎಂದು ಸುಕೇಶನಿಗೆ ಗೊತ್ತಾಯಿತು. ಕೊನೆಗೆ ಹುಡುಗ ತಾಯಿಯಿಂದ ಫೋನ್ ಇಸಕೊಂಡು, ಗೆಳೆಯರ ಗುಂಪಿಗೆ ಇಂಗ್ಲಿಷಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ. ಎಂಜಿನ್ನಿನ ತಪ್ಪು ಏನೂ ಇಲ್ಲ, ಹೆದರಿ ಕೈಬಿಟ್ಟವನು ನಾನು, ಸುಕೇಶಣ್ಣನ ಬಗ್ಗೆ ಯಾರೂ ಏನೂ ಆಡಬೇಡಿ ಎಂದು ಅದರ ಸಾರಾಂಶ. ಹೇಳುವಾಗ ಒಂದು ಸಲವೂ ತಡವರಿಸಲಿಲ್ಲ. ಆಮೇಲೆ ಫೋನ್ ಎದೆಯ ಮೇಲಿಟ್ಟು ಸುಕೇಶನತ್ತ ಕೈ ಚಾಚಿದ.

“ಸಾರಿ ಸುಕೇಶಣ್ಣ. ನಿಮ್ಮ ಕೆಲಸ ಸರಿ ಇಲ್ಲ ಅಂತ ಎಲ್ರ ಹತ್ರ ಹೇಳಿಬಿಟ್ಟಿದ್ದೆ.”

ಸುಕೇಶ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಪರವಾಗಿಲ್ಲ ಬಿಡು,” ಅಂದ. “ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.”