ಚುಕ್ಕಿಯ ಮೂತಿಗೆ ಅರಿಶಿನ

ಮೊನ್ನೆ ಹೂವಿನಂಗಡಿಯಲ್ಲಿ ಬಿಳಿ ಲಿಲ್ಲಿಯ ಕುಂಡವೊಂದನ್ನು ಮೂಸಿ ನೋಡುತ್ತಿದ್ದಾಗ ಅಂಗಡಿಯಾಕೆ, "ಮನೇಲಿ ಬೆಕ್ಕಿದ್ರೆ ತಗೋಬೇಡಿ ಮೇಡಂ, ಇದು ಅವಕ್ಕೆ ವಿಷ" ಎಂದರು.

ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ ಒಮ್ಮೆ ಇದೇ ವಾಸನೆ ತುಂಬಿತ್ತು. ನಾನಾಗ ಮೂರನೇ ಕ್ಲಾಸು. ಅಪ್ಪ ಬೆಂಗಳೂರಿನಿಂದ ತಂದ ಕುಂಡವನ್ನು ಹೊಸ ಕಲರ್ ಟೀವಿಯ ಪಕ್ಕ ಇಟ್ಟಿದ್ದರು. ನಮ್ಮ ಬೆಕ್ಕು ಚುಕ್ಕಿ ಅದರ ಎಲೆ ಕಚ್ಚಿ, ಹೂವಿನೊಳಗೆ ಮೂತಿ ತೂರಿಸಿ, ಮುಖಕ್ಕೆಲ್ಲ ಹಳದಿ ಪುಡಿ ಮೆತ್ತಿಕೊಂಡು ಬಂತು. "ನೋಡೇ, ಅರಿಶಿನ ಹಚ್ಕೊಂಡ್ ಮದುವಣಗಿತ್ತಿ!" ಎಂದು ಅಮ್ಮ ನಕ್ಕಳು. ಚುಕ್ಕಿ ಕೂತು ಆ ಪುಡಿಯನ್ನೆಲ್ಲ ನೆಕ್ಕಿಕೊಂಡಿತು.

ಸಂಜೆಯಿಂದಲೇ ವಾಂತಿ ಶುರುವಾಯಿತು. ವಾರ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಅದು ಮಂಚದ ಕೆಳಗೆ ಸೆಟೆದುಕೊಂಡು ಬಿದ್ದಿತ್ತು.

ಪಕ್ಕದ ಮನೆಯ ಲಕ್ಷ್ಮಕ್ಕ ರೇಷ್ಮೆಗೂಡು ಕಡಿಯುವ ಇಲಿಗಳಿಗೆ ಪಾಷಾಣ ಇಡುತ್ತಾರೆಂದು ಬೀದಿಗೆಲ್ಲ ಗೊತ್ತಿತ್ತು. ಅಜ್ಜಿ ಸೀದಾ ಅವರ ಬಾಗಿಲಿಗೆ ಹೋದಳು.

"ಬಾಯಿಲ್ದಿರೋ ಪ್ರಾಣೀನ ಕೊಂದ್ಯಲ್ಲೇ, ನಿನ್ ಮನೆ ಹಾಳಾಗ!"

"ಅಯ್ಯೋ ದೇವುಡಾ! ಈ ಸಲ ಪಾಷಾಣ ಮುಟ್ಟೇ ಇಲ್ಲ ಕಣಮ್ಮಾ. ದಿನಾ ಅದಕ್ಕೆ ಹಾಲು ಹಾಕ್ತಿದ್ದೋಳು ನಾನು" ಎಂದು ಲಕ್ಷ್ಮಕ್ಕ ಅತ್ತರು.

ಅಮ್ಮ ನನ್ನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಜಡೆ ಹಾಕಿಸಿಕೊಳ್ಳಲು ನನ್ನನ್ನು ಮತ್ತೆಂದೂ ಲಕ್ಷ್ಮಕ್ಕನ ಮನೆಗೆ ಕಳಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಾಗ ಅವರು ಬಂದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಬೀದಿಯಲ್ಲೇ ನಿಂತು, ಕೈಮುಗಿದು, ಹೊರಟುಹೋದರು.