ಶನಿವಾರಕ್ಕೊಂದು ಕೋಣೆ

"ನಿಮ್ಮಲ್ಲಿ ಹಿಂಬಾಗಿಲು ಇದ್ಯಾ?" ಎಂದು ಕೇಳಿದಳು ಆ ಹೆಂಗಸು, ಕೋಣೆಯ ಬಾಡಿಗೆ ವಿಚಾರಿಸುವುದಕ್ಕೂ ಮೊದಲು.

ಸ್ವಾಗತದ ಮೇಜಿನ ಹಿಂದಿದ್ದ ಫ್ರೇಯಾ ತಲೆಯೆತ್ತಿದಳು. ಐವತ್ತರ ಆಸುಪಾಸಿನ ಜೋಡಿ. ಗಂಡಸು ಆಗಲೇ ಕಿಟಕಿಯ ಬಳಿ ನಿಂತು, ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ಕಾಣುತ್ತಾರೆಯೇ ಎಂದು ಪರೀಕ್ಷಿಸುತ್ತಿದ್ದ. ಇಬ್ಬರ ಬೆರಳಲ್ಲೂ ಉಂಗುರವಿತ್ತು. ಕೋಪನ್‌ಹೇಗನ್ನಿನ ಈ ಪುಟ್ಟ, ಚೆಂದದ ಹೋಟೆಲಿಗೆ ಇಂಥ ಜೋಡಿಗಳು ಬರುವುದು ಹೊಸತಲ್ಲ. ಇಬ್ಬರಿಗೂ ಉಂಗುರವಿರುತ್ತದೆ. ತೊಡಿಸಿದವರು ಮಾತ್ರ ಬೇರೆ ಬೇರೆ.

"ಇದೆ. ಅಡುಗೆಮನೆ ದಾಟಿದ್ರೆ ಸೈಕಲ್ ನಿಲ್ಲಿಸೋ ಅಂಗಳ, ಅಲ್ಲಿಂದ ಆಚೆ ಬೀದಿ."

"ಯಾರಾದ್ರೂ ಫೋನ್ ಮಾಡಿ ನಮ್ಮನ್ನ ಕೇಳಿದ್ರೆ?"

"ನಾವು ಯಾರಿಗೂ ಏನೂ ಹೇಳಲ್ಲ."

"ಹೆಂಗಸೊಬ್ಬಳು ಅಳ್ತಾ ಕೇಳಿದ್ರೂ?" ಗಂಡಸು ಕಿಟಕಿಯ ಕಡೆಯಿಂದಲೇ ಕೇಳಿದ.

ಇವನ ಹೆಂಡತಿ ಇರಬೇಕು, ಪಾಪ, ಎಂದುಕೊಂಡಳು ಫ್ರೇಯಾ. "ಅತ್ತರೂ ಹೇಳಲ್ಲ," ಎಂದು ಕೀಲಿ ತೆಗೆದುಕೊಂಡು ಕೋಣೆ ತೋರಿಸಲು ಹೊರಟಳು.

ವಿಬೆಕೆ ಮತ್ತು ಎಸ್ಕಿಲ್‌ಗೆ ಅಂದು ಇದು ನಾಲ್ಕನೇ ಹೋಟೆಲು. ಮೊದಲನೆಯದರಲ್ಲಿ ಗೋಡೆ, ಮಂಚ, ಟವೆಲು ಎಲ್ಲವೂ ಕಪ್ಪು. "ಬೆಳಗಾಯ್ತು ಅಂತ ಯಾರಾದ್ರೂ ಬಂದು ಹೇಳ್ಬೇಕು," ಎಂದಿದ್ದಳು ವಿಬೆಕೆ. ಎರಡನೆಯದರಲ್ಲಿ ಸ್ನಾನದ ಮನೆಗೆ ಗಾಜಿನ ಗೋಡೆ. "ನೀನು ಹಲ್ಲುಜ್ಜೋದನ್ನ ಮನೇಲೇ ಬಿಟ್ಟಿಯಾಗಿ ನೋಡ್ತೀನಲ್ಲೋ." ಬಂದರಿನ ಬಳಿಯ ಮೂರನೆಯದು ಅವಳಿಗೆ ಬಹಳ ಹಿಡಿಸಿತ್ತು. ಎಸ್ಕಿಲ್ ಒಪ್ಪಲಿಲ್ಲ. ದೂರವಂತೆ.

ಇಲ್ಲಿ ಓಕ್ ಮರದ ನೆಲ. ಒಂದೇ ಮಂಚದ ಮೇಲೆ ಇಬ್ಬರಿಗೆ ಎರಡು ಹೊದಿಕೆ, ನೀಟಾಗಿ ಮಡಿಸಿಟ್ಟದ್ದು. ಪಾಚಿ ಬಣ್ಣದ ಉಣ್ಣೆಯ ಕುರ್ಚಿಯ ಮೇಲೆ ನಿಜಕ್ಕೂ ಕೂರಬಹುದಾಗಿತ್ತು. ಎಸ್ಕಿಲ್ ಗೋಡೆಗೆ ಕಿವಿಯಿಟ್ಟ, ಚಿಲಕವನ್ನು ಎರಡು ಸಲ ಹಾಕಿ ತೆಗೆದ. ಕಿಟಕಿ ತೆರೆದರೆ ಪುರಭವನದ ಗೋಪುರ ಎದುರಿಗೇ ಇತ್ತು.

ವಿಬೆಕೆ ಕನ್ನಡಿಯ ಮುಂದೆ ನಿಂತು ಭುಜ ನೇರ ಮಾಡಿಕೊಂಡಳು. "ಇದೇ ಇರ್ಲಿ."

ಕೆಳಗೆ ಬಂದ ಮೇಲೆ ಎಸ್ಕಿಲ್ ತಗ್ಗಿದ ದನಿಯಲ್ಲಿ ಕೇಳಿದ: "ಇನ್ನೊಂದು ಉಪಕಾರ ಆಗ್ಬೇಕಿತ್ತು. ಶನಿವಾರ ಬೆಳಿಗ್ಗೆ ನಿಮ್ಮಲ್ಲಿ ಇಬ್ಬರು ಸ್ವಲ್ಪ ಹೊತ್ತು ನಮ್ಮ ಜೊತೆ ಬರಬಹುದಾ?"

"ಏನಾದ್ರೂ ಹೊರೋದಿದ್ಯಾ?"

"ಇಲ್ಲ. ನೋಡ್ತಾ ನಿಂತ್ರೆ ಸಾಕು."

"ಗಲಾಟೆ ಏನೂ ಆಗಲ್ಲ ತಾನೆ?"

"ನಾನಂತೂ ಸುಮ್ನಿರ್ತೀನಿ. ಅವಳದು ಹೇಳಕ್ಕಾಗಲ್ಲ."

ಹೋಗುವುದಾದರೆ ಅಡುಗೆಯ ತೋರ್ಕಿಲ್‌ನನ್ನೇ ಕರೆದೊಯ್ಯಬೇಕು ಎಂದು ಫ್ರೇಯಾ ನಿಶ್ಚಯಿಸಿದಳು. ಅವನ ಭುಜ ಬಾಗಿಲಿನಷ್ಟು ಅಗಲ.

ಬೀದಿಗೆ ಬಂದದ್ದೇ ವಿಬೆಕೆ ನಕ್ಕಳು. "ಆ ಹುಡುಗಿ ನಮ್ಮನ್ನ ಕಳ್ಳಪ್ರೇಮಿಗಳು ಅಂದ್ಕೊಂಡಿದ್ದಾಳೆ ಕಣೋ."

"ಅಂದ್ಕೊಳ್ಳಲಿ ಬಿಡು. ಈ ವಯಸ್ಸಲ್ಲಿ ಇನ್ಯಾರು ಅಂದ್ಕೋತಾರೆ?"

ಅವರು ತಪ್ಪಿಸಿಕೊಳ್ಳುತ್ತಿದ್ದದ್ದು ಗಂಡನಿಂದಲೂ ಅಲ್ಲ, ಹೆಂಡತಿಯಿಂದಲೂ ಅಲ್ಲ. ರೋಸ್ಕಿಲ್ಡೆಯ ತಮ್ಮ ನೆರೆಹೊರೆಯವರಿಂದ. ಇಪ್ಪತ್ತೈದು ವರ್ಷದ ಹಿಂದೆ ಇಬ್ಬರೂ ಯಾರನ್ನೂ ಕರೆಯದೆ ಬೋರ್ನ್‌ಹೋಮ್ ದ್ವೀಪಕ್ಕೆ ಹೋಗಿ ಉಂಗುರ ತೊಟ್ಟು ಬಂದಿದ್ದರು. ವಿಬೆಕೆಯ ತಾಯಿ ಪಾದ್ರಿಯ ಮಗಳು; ಆ ಉಂಗುರ ಕಂಡ ಮೇಲೆಯೇ ಎಸ್ಕಿಲ್‌ಗೆ ಊಟ ಬಡಿಸಿದ್ದು. ಪಕ್ಕದ ಮನೆಯ ಬೋದಿಲ್‌ಳ ಲೆಕ್ಕದಂತೆ ಶನಿವಾರ ಬೆಳ್ಳಿಹಬ್ಬ. ಬೆಳ್ಳಿಹಬ್ಬ ಅಂದರೆ ಬಿಡುವ ಮಾತೇ ಇಲ್ಲ. ನಸುಕಿನಲ್ಲೇ ಬೀದಿಯವರೆಲ್ಲ ಬಂದು ಬಾಗಿಲಿಗೆ ಫರ್ ಮರದ ಸೊಪ್ಪಿನ ಕಮಾನು ಕಟ್ಟುತ್ತಾರೆ, ತುತ್ತೂರಿ ಊದುತ್ತಾರೆ, ದಂಪತಿಯನ್ನು ಹಾಸಿಗೆಯಿಂದೆಬ್ಬಿಸಿ ಕಮಾನಿನ ಕೆಳಗೆ ನಿಲ್ಲಿಸಿ ಹಾಡುತ್ತಾರೆ.

ಅದರ ಅರ್ಧಕ್ಕೆ, ಅಂದರೆ ಹನ್ನೆರಡೂವರೆ ವರ್ಷಕ್ಕೆ, ತಾಮ್ರದ ಹಬ್ಬವೂ ಆಗಿತ್ತು, ಅರ್ಧ ಕಮಾನಿನೊಂದಿಗೆ. ಅಂದು ಹಾಡು ಮುಗಿದದ್ದೇ ವಿಬೆಕೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಸಂತೋಷಕ್ಕೆ ಎಂದುಕೊಂಡಿತ್ತು ಬೀದಿ. "ಇನ್ನೊಂದು ಸಲ ಅದರ ಕೆಳಗೆ ನಿಲ್ಲಲಾರೆ ಎಸ್ಕಿಲ್," ಎಂದಿದ್ದಳು. ಅದಕ್ಕೇ ಈ ಹೋಟೆಲು.

ಅಷ್ಟರಲ್ಲಿ ಬೋದಿಲ್‌ಳ ಫೋನು ಬಂತು.

"ಏ ವಿಬೆಕೆ, ನಿಮ್ಮ ಮೇಲೆ ಹಾಡು ಕಟ್ತಾ ಇದೀವಿ. ಬೋರ್ನ್‌ಹೋಮ್‌ದು ಏನಾದ್ರೂ ತಮಾಷೆ ಇದ್ರೆ ಹೇಳೇ."

"ನಂಗೇನು ನೆನಪಿದೆ, ಮಳೆ ಬಂದಿತ್ತು ಅಷ್ಟೆ."

"ಮಳೆ ಇಟ್ಕೊಂಡು ಹನ್ನೆರಡು ಚರಣ ಹೆಂಗೇ ಬರೀಲಿ? ನಿನ್ನ ಗಂಡನಿಗೆ ಕೊಡು."

ಎಸ್ಕಿಲ್ ಎರಡೂ ಕೈ ಅಲ್ಲಾಡಿಸಿ ಹೆದರಿದವನಂತೆ ಹಿಂದೆ ಸರಿದ.

ಶುಕ್ರವಾರ ಸಂಜೆ ಮನೆಯ ದೀಪ ಉರಿಯುತ್ತಿರುವಂತೆಯೇ ಬಿಟ್ಟು, ತೋಟದ ಬೇಲಿ ದಾಟಿ ಇಬ್ಬರೂ ರೈಲು ಹತ್ತಿದರು.

ಶನಿವಾರ ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಿನಿಂದ ನಾಲ್ವರು ಹೊರಟರು. ವಿಬೆಕೆ ತಿಳಿನೀಲಿ ಉಡುಪು ತೊಟ್ಟಿದ್ದಳು. ಎಸ್ಕಿಲ್ ಟೈ ಕಟ್ಟಿಕೊಂಡಿದ್ದ. ಹಿಂದೆ ತೋರ್ಕಿಲ್ ಮತ್ತು ಫ್ರೇಯಾ. ಫ್ರೇಯಾಳ ಒಂದು ಕೈ ಜೇಬಿನೊಳಗೆ ಫೋನನ್ನು ಬಿಗಿಯಾಗಿ ಹಿಡಿದಿತ್ತು. ಚೌಕ ದಾಟಿದರು. ಪುರಭವನದ ಮೆಟ್ಟಿಲು ಹತ್ತಿದರು. ಉದ್ದನೆಯ ಮೊಗಸಾಲೆಯ ಕೊನೆಯಲ್ಲಿ, ಮುಚ್ಚಿದ ಬಾಗಿಲೊಂದರ ಮುಂದೆ ನಿಂತಾಗ ವಿಬೆಕೆಯ ಫೋನು ಮತ್ತೆ ಬಡಿದುಕೊಂಡಿತು.

"ಎಲ್ಲಿ ಸತ್ತಿದ್ದೀರೇ?" ಬೋದಿಲ್‌ಳ ದನಿ ನಾಲ್ವರಿಗೂ ಕೇಳಿಸಿತು. "ಖಾಲಿ ಮನೆಗೆ ಹನ್ನೆರಡೂ ಚರಣ ಹಾಡಿದೀವಿ. ತುತ್ತೂರಿಯವನಿಗೆ ಉಸಿರೇ ಇಲ್ಲ."

"ಮಧ್ಯಾಹ್ನ ಬರ್ತೀವಿ ಬೋದಿಲ್. ಕಮಾನು ಕೀಳ್ಬೇಡಿ."

ಎಸ್ಕಿಲ್ ಅವಳನ್ನೇ ನೋಡಿದ. "ಅದರ ಕೆಳಗೆ ನಿಲ್ಲಲ್ಲ ಅಂದಿದ್ಯಲ್ಲೇ?"

"ಇವತ್ತು ನಿಲ್ತೀನಿ."

ಬಾಗಿಲು ತೆರೆಯಿತು. ನಿಲುವಂಗಿ ತೊಟ್ಟ ಅಧಿಕಾರಿಣಿ ನಾಲ್ವರನ್ನೂ ಒಳಗೆ ಕರೆದು, ಮುಗುಳ್ನಕ್ಕು ಕೇಳಿದಳು: "ಸಾಕ್ಷಿಗಳು ಬಂದಿದ್ದಾರೆ, ಒಳ್ಳೇದು. ಶುರು ಮಾಡೋಕೆ ಮುಂಚೆ ಒಂದು ಮಾತು. ಇಬ್ಬರಿಗೂ ಇದು ಮೊದಲನೇ ಮದುವೆನಾ?"

"ಹೌದು," ಎಂದರು ಇಬ್ಬರೂ ಒಟ್ಟಿಗೆ. ತಮ್ಮ ಮದುವೆಯ ಬಗ್ಗೆ ಇಪ್ಪತ್ತೈದು ವರ್ಷಗಳಲ್ಲಿ ಅವರು ಇನ್ನೊಬ್ಬರೆದುರು ಆಡಿದ ಮೊದಲ ನಿಜ ಅದು.