ಗುರುಸಿದ್ಧವ್ವನ ರೆಪ್ಪೆ

ಸರ್ಕಾರ ಆಕಾಶವನ್ನು ಜಾಹೀರಾತಿಗೆ ಗುತ್ತಿಗೆ ಕೊಟ್ಟ ಮೇಲೆ, ಹಲ್ಲುನೋವಿಗೆ ತಿಂಗಳುಗಟ್ಟಲೆ ಅಲೆದಾಡಿಸುತ್ತಿದ್ದ ಆಸ್ಪತ್ರೆ, ಮುದುಕರ ಜೋತುಬಿದ್ದ ರೆಪ್ಪೆ ಎತ್ತಲು ಮನೆ ಬಾಗಿಲಿಗೇ ವ್ಯಾನು ಕಳಿಸತೊಡಗಿತು. ಗುಳೇದಗುಡ್ಡದಲ್ಲಿ ಕುಬಸ ಹೊಲಿಯುವ ಗುರುಸಿದ್ಧವ್ವನ ಸರದಿಯೂ ಬಂತು.

“ರೆಪ್ಪಿ ಕೊಯ್ದು ಎತ್ತಿದ್ರ ಆಕಾಶ ಪೂರ್ತಿ ಕಾಣತೈತಿ, ಯವ್ವಾ. ಬ್ಯಾಡಂದ್ರ ರೇಷನ್ ನಿಲ್ತೈತಿ,” ಎಂದ ಡಾಕ್ಟರ್.

ಅವಳು ಹೊಲಿಗೆ ಮಷೀನಿಗೆ ಅಂಟಿಸಿಟ್ಟಿದ್ದ ಪ್ಲಾಸ್ಟರಿನಿಂದ ರೆಪ್ಪೆಗಳನ್ನು ಹಣೆಗೆ ಬಿಗಿದು, ದಿನದಂತೆ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ಅಂಗಳಕ್ಕೆ ಬಂದು ಕತ್ತೆತ್ತಿದಳು. ಮೋಡವಿರಬೇಕಾದಲ್ಲಿ ಊರಗಲದ ಚಡ್ಡಿಯೊಂದು ಹೊಳೆಯುತ್ತಿತ್ತು.

“ಥೂ! ಇಷ್ಟ ದೊಡ್ಡ ಚಡ್ಡಿ, ಹೊಲಿಗಿ ನೋಡಿದ್ರ ಸೊಟ್ಟ,” ಎಂದು ಪ್ಲಾಸ್ಟರ್ ಕಿತ್ತಳು. “ರೇಷನ್ ನಿಲ್ಲಸಪಾ.”